ಕ್ವಿಕ್

ಹೆಕ್ಸಮ್ ಊರಾಚೆ, ಮಂಜು ಬಿಡದ ಲಾಯ.
ಮುರಿಯೆಲ್ ಥರ್ಲ್‌ವೆಲ್ ಕುದುರೆಯ ಹಿಂಗಾಲನ್ನು
ತೊಡೆಯ ಮೇಲೆಳೆದುಕೊಂಡು
ತುಟಿಯಲ್ಲಿ ಆರು ಮೊಳೆ ಕಚ್ಚಿದ್ದಾಳೆ.

"ಕ್ವಿಕ್, ಕ್ವಿಕ್!"
ರೇಸಿನವನ ಕೈಯಲ್ಲಿ ಸ್ಟಾಪ್‌ವಾಚ್.

ಮೊಳೆಗಳನ್ನು ಅಂಗೈಗೆ ಉಗುಳಿ ಅವಳು:
"ಕ್ವಿಕ್ ಅಂದರೆ ಇದಯ್ಯಾ,
ಗೊರಸಿನ ಬಿಳಿಗೆರೆಯ ಒಳಗೆ, ತಾಗಿದರೆ ನೋಯುವುದು.
ಬೇಲಿಯಲ್ಲಿ ಚಿಗುರಿದ ಮುಳ್ಳುಗಿಡಕ್ಕೂ
ನಮ್ಮಜ್ಜಿ ಅದನ್ನೇ ಅನ್ನುತ್ತಿದ್ದಳು,
ಬಸಿರೊಳಗೆ ಮೊದಲ ಸಲ ಮಿಸುಕಿದ್ದಕ್ಕೂ.
ಓಟ ಗೀಟ ಎಲ್ಲ ಆಮೇಲೆ ಬಂದದ್ದು."

ಲಗಾಮು ಹಿಡಿದು ನಿಂತಿದ್ದವನು ನಾನು.
ನಮ್ಮ 'ಜೀವ'ವೂ ಆ ಮಾತಿನ ದಾಯಾದಿಯಂತೆ;
ನಿಘಂಟಿನಲ್ಲಿ ಓದಿದ್ದೆ,
ನಂಬಿರಲಿಲ್ಲ.

ಗೆರೆಯಿಂದ ಕೂದಲೆಳೆ ಆಚೆಗೆ
ಮೊದಲ ಮೊಳೆ ಇಳಿಯಿತು.
ಕುದುರೆಯ ಕಿವಿ ಮಿಸುಕಿತು,
ಕಾಲು ಮಿಸುಕಲಿಲ್ಲ.