ಮೀಟರ್ ಓದುವವನ ಮರಿ

ಏಳು ಮೊಟ್ಟೆ. ಯುಗಾದಿ ಮಾರನೆಗೆ ಕಾವಿಗೆ ಕೂತಿತು.
ಭರಣಿಯ ಗುಡುಗಿಗೆ ಕೆಡುತ್ತವೆಂದು
ಗೂಡಿನ ಹುಲ್ಲಿನಡಿ ಹಳೇ ಲಾಳ ತುರುಕಿದೆ;
ನಂಬಿಕೆಯಲ್ಲ, ಸುಮ್ಮನೆ, ಲಾಳ ಇತ್ತು.

ರಾತ್ರಿ ಟಾರ್ಚಿಗೆ ಹಿಡಿದರೆ
ಸಿಪ್ಪೆಯೊಳಗೆ ಕೆಂಪು ಬೇರು,
ನಡುವೆ ಸಾಸಿವೆಯಷ್ಟು ಕಪ್ಪು, ಮಿಡಿಯುತ್ತಿತ್ತು.

ಮೂವತ್ತನೆಯ ದಿನ ಆರು ಒಡೆದವು.
ಹೆಬ್ಬಾತು ಎದ್ದು ಆರನ್ನೂ ಹೊರಡಿಸಿಕೊಂಡು
ಕಾಲುವೆಗಿಳಿಯಿತು, ತಿರುಗಿ ನೋಡದೆ.
ಲೆಕ್ಕ ಬರದು ಅದಕ್ಕೆ. ನನಗೆ ಬರುತ್ತದೆ.
ಏಳನೆಯದನ್ನು ಸೆರಗಿನಲ್ಲಿ ಸುತ್ತಿ
ಒಲೆಯ ಪಕ್ಕ ಒಂದು ರಾತ್ರಿ, ಒಂದು ಹಗಲು, ಇನ್ನೊಂದು ರಾತ್ರಿ.

ಬೆಳಗಾದರೆ ಸಖರಾಯಪಟ್ಟಣದ ಬಾಬಾಜಾನ್, ಮೀಟರ್ ಓದಲು,
ತಿಂಗಳಿಗೊಮ್ಮೆ ಗಂಡುಬಾತಿಗೆ
ಪ್ಯಾಂಟಿನ ತುದಿ ಕೊಟ್ಟು ಹೋಗುವವನು.
"ಕಿವಿಗಿಟ್ಟು ನೋಡಪ್ಪ, ಜೀವ ಇದೆಯಾ?"
ಇಟ್ಟ. ಉಸಿರು ಹಿಡಿದ.
ಅಲ್ಲೇ, ಅಂಗೈಯಲ್ಲೇ, ಸಿಪ್ಪೆ ಬಿರಿದು
ಒದ್ದೆ ತಲೆಯೊಂದು ಹೊರಬಂದು
ಮೊದಲು ಕಂಡದ್ದು ಅವನ ಮುಖ.

ಬಿಲ್ಲು ಹರಿದುಕೊಡಲು ಮರೆತ.

ಈಗ ಐದನೇ ತಾರೀಕು ಬಂತೆಂದರೆ
ಅಪ್ಪ ಕತ್ತು ಚಾಚಿ ಬುಸುಗುಟ್ಟಿ ಅಟ್ಟುತ್ತದೆ,
ಮರಿ ಕುಯ್ಯೆನ್ನುತ್ತ ಹಿಂದೆ ಓಡುತ್ತದೆ,
ಇಬ್ಬರ ನಡುವೆ ಅವನು, ಗೇಟಿನ ತನಕ.
ಬೈಕಿನ ಸದ್ದು ಅಯ್ಯನಕೆರೆ ಏರಿಯ ಮೇಲೆ ಕರಗಿದರೂ
ನಿಂತೇ ಇರುತ್ತದೆ ಅಲ್ಲಿ.
ರಾಗಿ ಚೆಲ್ಲಿ ಕರೆದರೆ ಬಾರದು.

ನನ್ನ ಸೆರಗಿನ ಕಾವು
ಯಾವ ಮೀಟರಿನಲ್ಲೂ ಓಡಿಲ್ಲ.