ಪೆನ್ಸಿಲಿನದಾದರೆ ಅಳಿಸತಕ್ಕದ್ದು

ಕೋಲಾರದ ಪಾಲಿಟೆಕ್ನಿಕ್ಕಿನ ಪಡಸಾಲೆಯಲ್ಲಿ ಒಂದು ಮೇಜು,
ಮೇಲೆ ಕತ್ತರಿ, ಪಿನ್ನು ಕೀಳುವ ಚಿಮಟ, ಮೂರು ರಬ್ಬರು,
ಹಿಂದೆ ನಾನು.
ವೈರಿಂಗ್ ಮೇಲ್ವಿಚಾರಕರ ಪರವಾನಗಿ ಪರೀಕ್ಷೆ.
ಪುಸ್ತಕ ತೆರೆದುಕೊಂಡೇ ಬರೆಯಬಹುದು.
ಅದಕ್ಕೇ ಅದನ್ನು ಮೊದಲು ನಾನು ತೆರೆಯಬೇಕು.

ಏಳನೇ ನಿಯಮ ಗೋಡೆಗೆ ಅಂಟಿಸಿದೆ:
ಪುಸ್ತಕ ಅಚ್ಚಾಗಿರತಕ್ಕದ್ದು, ರಟ್ಟು ಕಟ್ಟಿರತಕ್ಕದ್ದು.
ಅಂಚಿನಲ್ಲಿ ಶಾಯಿಯ ಟಿಪ್ಪಣಿ ಇರಬಹುದು.
ಪೆನ್ಸಿಲಿನದಾದರೆ ಅಳಿಸತಕ್ಕದ್ದು.
ಬಿಡಿ ಹಾಳೆ ಕೂಡದು.
ಒಳಗೆ ಕೂತ ಮೇಲೆ ಪುಸ್ತಕದಲ್ಲಿ ಒಂದಕ್ಷರ ಬರೆಯಕೂಡದು.

ಶಾಯಿ ಮನೆಯಲ್ಲಿ ಬರೆದದ್ದಂತೆ,
ಪ್ರಶ್ನೆ ಕದ್ದು ಹೊರಗೊಯ್ಯುವುದು ಪೆನ್ಸಿಲಂತೆ.
ಯಾರ ತರ್ಕವೋ. ನನಗೆ ದಿನಕ್ಕೆ ಆರುನೂರು, ಮಧ್ಯಾಹ್ನ ಚಿತ್ರಾನ್ನ.

ಮುಳಬಾಗಿಲಿನ ಚೌಡರೆಡ್ಡಿ ಬಿಡಿ ಹಾಳೆಗಳನ್ನೆಲ್ಲ
ದಬ್ಬಳದಲ್ಲಿ, ಗೋಣಿದಾರದಲ್ಲಿ
ಪುಸ್ತಕಕ್ಕೇ ಹೊಲಿದು ತಂದಿದ್ದ.
“ಹೊಲಿದ ಮೇಲೂ ಬಿಡಿಯೇ, ಸಾರ್?”
ಒಳಗೆ ಹೋಗಿ ಕೇಳಿದೆ. ಅವರು ಫೋನು ಮಾಡಿ ಇನ್ಯಾರನ್ನೋ ಕೇಳಿದರು.
ಹೊಲಿದದ್ದು ಕಟ್ಟಿದ ಹಾಗೇ ಎಂದಾಯಿತು.
ಕಾಲು ಗಂಟೆ ಒಂದು ದಾರಕ್ಕೆ ಹೋಯಿತು.
ಇನ್ನೊಬ್ಬನ ಪುಟದಲ್ಲಿ ಅಪ್ಪಚ್ಚಿಯಾದ ಜಿರಲೆಮರಿ.
ಟಿಪ್ಪಣಿಯಲ್ಲ, ಬಿಟ್ಟೆ.

ಆಮೇಲೆ ಆರೋಗ್ಯಮೇರಿ,
ಆಂಡರ್ಸನ್‌ಪೇಟೆಯಿಂದ ಮೊದಲ ಬಸ್ಸಿಗೆ ಬಂದವಳು.
ರಟ್ಟಿಗೆ ಕರಿಟೇಪು ಸುತ್ತಿದ ಪುಸ್ತಕ,
ತೆರೆದರೆ ಅಂಚಿಂದಂಚಿಗೆ ಪೆನ್ಸಿಲು, ಅದೂ ತಮಿಳು.
“ಯಾರ ಕೈಬರಹಮ್ಮ ಇದು?”
“ಸಂಪಂಗಿ ಮೇಸ್ತ್ರಿದು ಸಾರ್, ನಂಗೆ ಕೆಲಸ ಕಲಿಸಿದವರು.
ಗಣಿಯೊಳಗೆ ಬೆವರಿಗೆ ಶಾಯಿ ನಿಲ್ತಿರಲಿಲ್ಲ.
ಈಗ ಅವರಿಗೆ ಕಣ್ಣಿಲ್ಲ.”

ಗೋಡೆ ತೋರಿಸಿದೆ. ಓದಿದಳು. ಜಗಳ ತೆಗೆಯಲಿಲ್ಲ.
ಒಂದು ರಬ್ಬರು ತಾನು ಎತ್ತಿಕೊಂಡು
“ನೀವೊಂದು ತಗೊಳ್ಳಿ ಸಾರ್” ಅಂದಳು.
ಗಂಟೆಗೆ ಇನ್ನಿಪ್ಪತ್ತು ನಿಮಿಷ, ಪುಟ ಇನ್ನೂರ ಎಂಟು.

ಓದದೆ ಅಳಿಸಲಿಲ್ಲ ಅವಳು.
ಒಂದೊಂದನ್ನೂ ಕನ್ನಡದಲ್ಲಿ ಹೇಳಿ ಆಮೇಲೆ ತಿಕ್ಕಿದಳು:
ಮುಟ್ಟಲೇಬೇಕಾದರೆ ಹಿಂಗೈಯಲ್ಲಿ ಮುಟ್ಟು, ಅಂಗೈ ಹಿಡಿದುಕೊಳ್ಳುತ್ತೆ.
ಕರೆಂಟಿಲ್ಲ ಅಂದವನನ್ನು ನಂಬಬೇಡ, ನಿಮ್ಮಣ್ಣನಾದರೂ.
ಟೆಸ್ಟರಿನಲ್ಲಿ ನೋಡುವ ಮೊದಲು ಟೆಸ್ಟರನ್ನೇ ನೋಡು,
ಕರೆಂಟು ಇರುವ ಕಡೆ ಉರಿಯುತ್ತಾ?
ಪುಟ ತೊಂಬತ್ತರ ಲೆಕ್ಕ ತಪ್ಪು, ಅಚ್ಚಾದದ್ದೆಲ್ಲ ಸರಿಯಲ್ಲ.
ಕುಪ್ಪನ ಅಂಗಡಿ, ಟೀ ಬಾಕಿ ಹನ್ನೊಂದು.

ಎದುರು ಪುಟದಲ್ಲಿ ನಾನು
ಓದಲು ಬಾರದ್ದನ್ನು ಅಳಿಸುತ್ತಿದ್ದೆ.
ತಟ್ಟೆಯಡಿ ಉದುರಿದ ರೇಷ್ಮೆಹುಳದ ಹಿಕ್ಕೆಯಂತೆ
ರಬ್ಬರಿನ ಕಸ ನನ್ನ ತೊಡೆಯ ಮೇಲೆ.

ಗಂಟೆ ಹೊಡೆಯಿತು. ಹದಿನಾಲ್ಕು ಪುಟ ಉಳಿದಿತ್ತು.
ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಬರೆದೆ:
ಪರಿಶೀಲಿಸಿದೆ, ಇರುವುದೆಲ್ಲ ಶಾಯಿ.
ಪೆನ್ನಿನಲ್ಲೇ ಬರೆದೆ.

ಹೊರಗೆ ಬಿಡುವಾಗಲೂ ನೋಡಬೇಕು,
ಹೊಸ ಅಕ್ಷರ ಹುಟ್ಟಿದೆಯೋ ಎಂದು.
ಅವಳದರಲ್ಲಿ ಒಂದೂ ಇಲ್ಲ.
ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಮಾತ್ರ
ಅಳಿಸಿದ ಕಡೆಯೆಲ್ಲ ಗೀರು.
ಮೇಸ್ತ್ರಿ ಒತ್ತಿ ಬರೆಯುವ ಜಾತಿ.
ಗೀರಿನ ವಿಚಾರ ನಿಯಮದಲ್ಲಿಲ್ಲ. ಮತ್ತೊಮ್ಮೆ ಓದಿದೆ, ಇಲ್ಲ.

“ಪುಸ್ತಕ ತೆರೆದೆಯೇನಮ್ಮ?”
“ಒಂದೇ ಸಲ ಸಾರ್. ಪುಟ ತೊಂಬತ್ತು.”

ಪಾಸೋ ಫೇಲೋ ನಮ್ಮವರೆಗೆ ಬರುವುದಿಲ್ಲ.
ಅವತ್ತು ರಾತ್ರಿ ಟಮಕದ ನಮ್ಮ ಮನೆಯಲ್ಲಿ
ಬಚ್ಚಲ ಹೋಲ್ಡರು ಸುಟ್ಟಿತ್ತು.
“ಮೇನ್ ಆಫ್ ಮಾಡಿದೀನಿ, ಹತ್ತಿ” ಅಂದಳು ಇವಳು,
ಇಪ್ಪತ್ತೆರಡು ವರ್ಷದಲ್ಲಿ ನನಗೊಂದು ಸುಳ್ಳು ಹೇಳಿದವಳಲ್ಲ.
ಸ್ಟೂಲು ಹತ್ತಿದವನು ಇಳಿದೆ.
ಟೆಸ್ಟರು ಜೇಬಿಗಿಟ್ಟುಕೊಂಡು,
ಪಕ್ಕದ ಮನೆಯ ಪ್ಲಗ್ಗಿನಲ್ಲಿ ಉರಿಯುತ್ತಾ ನೋಡಿಕೊಂಡು ಬರಲು
ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ಹುಡುಕಿದೆ.