ಅರ್ಧಾ ತಿಕೀಟು

ಅಕ್ಕಲಕೋಟಿ ಸ್ಟ್ಯಾಂಡಿನ ಹಿಂದ, ಝೆರಾಕ್ಸ್ ಅಂಗಡಿ ಮಾಳಿಗಿ ಮ್ಯಾಲ
ರೇವಣಸಿದ್ಧನ ಟೇಬಲ್ಲಿನಾಗ ಬೆನ್ನು ಬಿಚ್ಚಿಕೊಂಡು ಮಲಗೇತಿ
ನನ್ನ ಲ್ಯಾಪ್‌ಟಾಪು.

ಹಳೇ ಡಿಸ್ಕು ಕಟಕಟ ಹಲ್ಲು ಕಡೀತಿತ್ತು, ತೆಗಿಸಿದೆ.
ಹೊಸಾದು ಹಾಕಿದ ಮ್ಯಾಲ ಬರೇ ಕರೀ ಪಾಟಿ,
ಮೂಲ್ಯಾಗೊಂದು ಬಿಳೀ ಗೆರಿ
ಮಿಣಕ್, ಮಿಣಕ್.

"ಎಫ್ ಎರಡು ಒತ್ರಿ ಬಾಯಾರ."
ಒತ್ತಿದೆ. ಪಟ್ಟಿಯೊಳಗ ಡಿಸ್ಕಿನ ಹೆಸರ ಇಲ್ಲ.
ಇಪ್ಪತ್ತು ವರ್ಷ ಹಾಜರಿ ಕರದಾಕಿ ನಾನು,
ಇಂಥಾ ಮೌನ ನನಗ ಗೊತ್ತು:
ಹುಡುಗ ಬಂದಿರತಾನ, ಓ ಅನ್ನಂಗಿಲ್ಲ.

ರೇವಣಸಿದ್ಧ ಮರಾಠ್ಯಾಗ ಬೈದ,
ಹಿಂದ್ಯಾಗ ಸೋಲಾಪುರಕ್ಕ ಫೋನ್ ಹಚ್ಚಿದ,
ಕಡೀಕ ಕನ್ನಡದಾಗ ಸುಮ್ಮನಾದ.

ಆಮ್ಯಾಲ ಕೇಬಲ್ಲಿನ ತುದಿ ಬೆರಳಿಲೆ ಮುಟ್ಟಿ
"ಸಡ್ಲ ಐತ್ರಿ. ಒಂದೀಟು ಕಾಗದ ಕೊಡ್ರಿ."
ಪರ್ಸಿನ್ಯಾಗ ಮುಂಜಾನಿ ತಿಕೀಟಿತ್ತು,
ನಾಗಣಸೂರಿನಿಂದ, ಹೆಂಗಸರ ಅರ್ಧಾ ದರದ್ದು.
ನಾಕು ಮಡಿಕಿ ಮಾಡಿ ಒತ್ತಿಟ್ಟ,
ಮುಚ್ಚಳ ಬಿಗದ.

ಹೆಸರು ಬಂತು! ಉದ್ದಂದು, ಬರೇ ಅಂಕಿ.
ಪೆನ್‌ಡ್ರೈವ್ ಹಚ್ಚಿದ. ಚುಕ್ಕಿ ತಿರಗಿ ತಿರಗಿ
ಮೊದಲನೇ ಪ್ರಶ್ನಿ ಬಂತು: ಭಾಷಾ ಯಾವುದು?

ಮೌಸ್ ನನ್ನ ಕಡೆ ಸರಿಸಿ
ರೇವಣಸಿದ್ಧ ಚಾ ಹೇಳಾಕ
ಕೆಳಗಿಳದ.